ಖಿನ್ನತೆಗೆ ಅರಿಶಿನ: ಕರುಳು ದಾಟುವುದೇ ಕಷ್ಟ

ಮೆದುಳಿನ ತೂಕ ನಮ್ಮ ಮೈತೂಕದ ಶೇ. 2ರಷ್ಟು. ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಶೇ. 20 ಅದಕ್ಕೇ ಬೇಕು. ಇಷ್ಟೊಂದು ಆಮ್ಲಜನಕ ಖರ್ಚಾಗುವ ಕಡೆ ಫ್ರೀ ರಾಡಿಕಲ್ ಎಂಬ ಪುಂಡ ಅಣುಗಳೂ ಹುಟ್ಟುತ್ತವೆ. ಎಂದಿನ ದಿನಗಳಲ್ಲಿ ದೇಹವೇ ಅವನ್ನು ಹದ್ದುಬಸ್ತಿನಲ್ಲಿಡುತ್ತದೆ. ಸಾಲ, ಜಗಳ, ನಿದ್ದೆಗೇಡು ಎಂದು ಒತ್ತಡ ತಿಂಗಳುಗಟ್ಟಲೆ ಬೆನ್ನುಬಿಡದಿದ್ದರೆ ಆ ಹಿಡಿತ ತಪ್ಪುತ್ತದೆ, ಉರಿಯೂತ ಹೆಚ್ಚುತ್ತದೆ. ಖಿನ್ನತೆಯಿಂದ ಬಳಲುವ ಹಲವರ ರಕ್ತದಲ್ಲಿ ಈ ಉರಿಯೂತದ ಗುರುತುಗಳು ಸಿಕ್ಕಿವೆ.

ಇಂಥ ಅಣುಗಳನ್ನು ತಣಿಸುವ, ಸಸ್ಯಗಳಲ್ಲಿರುವ ಆಂಟಿಆಕ್ಸಿಡೆಂಟ್‌ಗಳತ್ತ ವಿಜ್ಞಾನಿಗಳ ಕಣ್ಣು ಹೊರಳಿದ್ದು ಇದೇ ಕಾರಣಕ್ಕೆ. ಅವುಗಳಲ್ಲಿ ನಮಗೆ ತೀರಾ ಪರಿಚಿತವಾದದ್ದು ಅರಿಶಿನಕ್ಕೆ ಬಣ್ಣ ಕೊಡುವ ಕರ್ಕ್ಯುಮಿನ್. ಒತ್ತಡಕ್ಕೆ ಸಿಲುಕಿಸಿದ ಇಲಿಗಳಿಗೆ ಅದನ್ನು ಕೊಟ್ಟಾಗ ಅವುಗಳ ಮಂಕು ಕಡಿಮೆಯಾದದ್ದು ಹಲವು ಪ್ರಯೋಗಗಳಲ್ಲಿ ಕಂಡಿದೆ.

ಮನುಷ್ಯರ ಮೇಲೂ ಪರೀಕ್ಷೆ ನಡೆದಿದೆ. ಗುಜರಾತಿನ ಭಾವನಗರದ ವೈದ್ಯರು 60 ಖಿನ್ನತೆ ರೋಗಿಗಳನ್ನು ಮೂರು ಗುಂಪು ಮಾಡಿ ಆರು ವಾರ ಔಷಧಿ ಕೊಟ್ಟರು. ಖಿನ್ನತೆಯ ಔಷಧಿಯಾದ ಫ್ಲುಯೊಕ್ಸೆಟಿನ್ ಮಾತ್ರೆ ಪಡೆದವರಲ್ಲಿ ಶೇ. 64.7, ದಿನಕ್ಕೆ 1,000 ಮಿ.ಗ್ರಾಂ. ಕರ್ಕ್ಯುಮಿನ್ ಪಡೆದವರಲ್ಲಿ ಶೇ. 62.5, ಎರಡನ್ನೂ ಪಡೆದವರಲ್ಲಿ ಶೇ. 77.8 ಮಂದಿ ಚೇತರಿಕೆ ಕಂಡರು. ಓದುವುದಕ್ಕೆ ಚೆನ್ನಾಗಿದೆ. ಆದರೆ ಗುಂಪುಗಳು ಚಿಕ್ಕವು. ಈ ವ್ಯತ್ಯಾಸ ಆಕಸ್ಮಿಕವೂ ಇರಬಹುದು. ಹುಸಿ ಗುಳಿಗೆ ಪಡೆದ ಗುಂಪು ಇರಲೇ ಇಲ್ಲವಾದ್ದರಿಂದ, ತಾನಾಗಿ ಚೇತರಿಸಿಕೊಂಡವರೆಷ್ಟು ಎಂದು ಹೇಳುವಂತಿಲ್ಲ.

ಹಾಗಾದರೆ ಸಾರಿಗೆ ಇನ್ನೊಂದು ಚಿಟಿಕೆ ಅರಿಶಿನ ಹಾಕಿದರಾಯಿತೇ? ಲೆಕ್ಕ ಹಾಕಿ ನೋಡಿ. ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಸರಿಸುಮಾರು ಶೇ. 3. ಭಾವನಗರದ ಪ್ರಮಾಣ ಮುಟ್ಟಲು ದಿನಕ್ಕೆ ಮೂವತ್ತು ಗ್ರಾಂಗೂ ಹೆಚ್ಚು ಪುಡಿ ತಿನ್ನಬೇಕು.

ತಿಂದರೂ ಅದು ರಕ್ತ ಸೇರುವುದು ಅಷ್ಟಕ್ಕಷ್ಟೇ. ಕರ್ಕ್ಯುಮಿನ್ ನೀರಿನಲ್ಲಿ ಕರಗದು. ಕರುಳು ಮತ್ತು ಯಕೃತ್ತು ಅದನ್ನು ಹೊರಗಿನ ವಸ್ತುವೆಂದು ಬಗೆದು, ಮಾರ್ಪಡಿಸಿ ಸಾಗಹಾಕುತ್ತವೆ. ಈ ತಡೆ ಎಷ್ಟು ಬಿಗಿಯೆಂಬುದನ್ನು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ತೋರಿಸಿದರು. ಸ್ವಯಂಸೇವಕರು 2 ಗ್ರಾಂ ಕರ್ಕ್ಯುಮಿನ್ ನುಂಗಿದ ಮೇಲೆ ರಕ್ತ ಪರೀಕ್ಷಿಸಿದರೆ ಅದರ ಸುಳಿವೇ ಇಲ್ಲ, ಇದ್ದರೂ ಲೇಶ. ಜೊತೆಗೆ ಕಾಳುಮೆಣಸಿನ ಸತ್ವವಾದ ಪೈಪರಿನ್ 20 ಮಿ.ಗ್ರಾಂ. ಕೊಟ್ಟಾಗ ರಕ್ತ ಸೇರುವ ಪ್ರಮಾಣ ಶೇ. 2,000ದಷ್ಟು ಏರಿತು. ಮಾತ್ರೆ ಮಾರುವವರು ಈ ಅಂಕಿಯನ್ನು ದೊಡ್ಡದಾಗಿ ಅಚ್ಚು ಹಾಕಿಸುತ್ತಾರೆ. ಸೊನ್ನೆಯ ಆಸುಪಾಸಿನಲ್ಲಿದ್ದದ್ದು ಇಪ್ಪತ್ತು ಪಟ್ಟು ಹೆಚ್ಚಿದರೂ ಅಲ್ಪವೇ ಎಂಬುದನ್ನು ಹೇಳುವುದಿಲ್ಲ.

ಪೈಪರಿನ್ ಅರಿಶಿನಕ್ಕೆ ದಾರಿ ಬಿಡಿಸುವುದು ಯಕೃತ್ತಿನ ಕಿಣ್ವಗಳನ್ನು ತಡೆದು. ಬೇರೆ ಹಲವು ಔಷಧಿಗಳನ್ನು ಕರಗಿಸಿ ಹೊರಹಾಕುವುದೂ ಇಂಥ ಕಿಣ್ವಗಳೇ. ಹೀಗಾಗಿ ಇತರ ಮಾತ್ರೆಗಳ ಅಂಶ ರಕ್ತದಲ್ಲಿ ಮಿತಿಮೀರಬಹುದು. ಅರಿಶಿನದ ಕ್ಯಾಪ್ಸೂಲ್ ತೆಗೆದುಕೊಂಡ ಕೆಲವರಿಗೆ ಯಕೃತ್ತಿನ ಊತ ಬಂದದ್ದೂ ವರದಿಯಾಗಿದೆ. ಅಡುಗೆಯ ಅರಿಶಿನಕ್ಕೆ ಈ ಅಂಜಿಕೆ ಬೇಡ. ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿರುವವರು ಅದನ್ನು ಬಿಟ್ಟು ಕ್ಯಾಪ್ಸೂಲ್ ಹಿಡಿಯಬಾರದು. ಎರಡನ್ನೂ ನುಂಗುವ ಯೋಚನೆಯಿದ್ದರೆ ವೈದ್ಯರಿಗೆ ಮೊದಲೇ ಹೇಳಿಬಿಡಬೇಕು.