ನೆರೆಯವನೇ ಎದುರಾಳಿ

ಆಟಕ್ಕೆ ಎದುರಾಳಿ ಬೇಕು. ಆ ಎದುರಾಳಿ ಗುರುತಿನವನಾದರೆ ಆಟಕ್ಕೆ ರುಚಿ ಬರುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಎಂಬ ಘಟ್ಟದ ಮೇಲಿನ ಈ ಮೂರು ತಾಲ್ಲೂಕುಗಳಲ್ಲಿ ಬೆಳೆದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಭತ್ತದ ಕೊಯ್ಲು ಮುಗಿದು ಗದ್ದೆ ಒಣಗಿದ ಮೇಲೆ ಊರ ಬಯಲಿನಲ್ಲಿ ಕಬಡ್ಡಿಯ ಅಂಕಣ ಎಳೆದರೆ ಎದುರು ಬಂದು ನಿಲ್ಲುವವರು ಪಕ್ಕದ ಊರಿನವರು. ಗೆದ್ದವರೂ ಸೋತವರೂ ಮುಂದಿನ ವಾರ ಒಂದೇ ಸಂತೆಯಲ್ಲಿ, ಒಂದೇ ಅಡಿಕೆ ವಖಾರಿಯ ಜಗಲಿಯಲ್ಲಿ, ಒಂದೇ ಮದುವೆಯ ಪಂಕ್ತಿಯಲ್ಲಿ ಕಲೆಯತಕ್ಕವರು. ಸೋಲಿನ ನೆನಪು ವರ್ಷವಿಡೀ ಉಳಿಯುವುದೂ, ಉಳಿದರೂ ಅದು ವೈರವಾಗದೆ ವಿನೋದವಾಗಿಯೇ ಇರುವುದೂ ಈ ಕಾರಣದಿಂದಲೇ.

ನಮ್ಮ ಕಾಲೇಜುಗಳ ಆಟೋಟಗಳೂ ಈ ನೆರೆಹೊರೆಯ ನಿಯಮಕ್ಕೆ ಹೊರತಲ್ಲ. ಇಲ್ಲಿಯ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಒಂದುಗೂಡಿದವು. ಯಾರು ಯಾರೊಡನೆ ಆಡಬೇಕೆಂಬುದನ್ನು ವಿಶ್ವವಿದ್ಯಾಲಯದ ಎಲ್ಲೆಯೂ ಬಸ್ಸಿನ ದಾರಿಯೂ ಕೂಡಿ ನಿರ್ಣಯಿಸಿದುವು. ಈ ನಿರ್ಣಯವನ್ನು ಹಣದ ಕೈಗೆ ಒಪ್ಪಿಸಿಬಿಟ್ಟರೆ ಏನಾದೀತು? ಈ ಪ್ರಶ್ನೆಗೆ ಅಮೆರಿಕದ ಕಾಲೇಜುಗಳು ಇತ್ತೀಚಿನ ವರ್ಷಗಳಲ್ಲಿ ಕೊಟ್ಟಿರುವ ಉತ್ತರವನ್ನು ನಮ್ಮ ವಿದ್ಯಾರ್ಥಿಗಳೂ ಉಪಾಧ್ಯಾಯರೂ ಒಮ್ಮೆ ನೋಡುವುದು ಒಳ್ಳೆಯದು.

ಅಲ್ಲಿ ಫುಟ್‌ಬಾಲ್ ಎಂದರೆ ನಮ್ಮ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಅವುಚಿಕೊಂಡು ನುಗ್ಗುವ ಆಟ. ಅದನ್ನಾಡುವ ವಿಶ್ವವಿದ್ಯಾಲಯಗಳು ಪ್ರದೇಶಕ್ಕೊಂದರಂತೆ ಕೂಟಗಳನ್ನು ಕಟ್ಟಿಕೊಂಡಿದ್ದವು. ಪೆಸಿಫಿಕ್ ಕರಾವಳಿಯ ಕೂಟ ೧೯೧೫ರಲ್ಲಿ ನಾಲ್ಕು ಸಂಸ್ಥೆಗಳಿಂದ ಆರಂಭವಾಯಿತು. ಹೆಸರೂ ವ್ಯವಸ್ಥೆಯೂ ಬದಲಾಗುತ್ತ ಬಂದು ಕೊನೆಗೆ ‘ಪ್ಯಾಕ್ ೧೨’ ಎನಿಸಿತು. ಟೆಲಿವಿಷನ್ನಿನಲ್ಲಿ ಯಾವ ಆಟ, ಎಷ್ಟು ಆಟ ತೋರಿಸಬೇಕೆಂಬುದನ್ನು ಬಹುಕಾಲ ರಾಷ್ಟ್ರೀಯ ಕ್ರೀಡಾಸಂಸ್ಥೆಯೊಂದೇ ನಿಯಂತ್ರಿಸುತ್ತಿತ್ತು. ೧೯೮೪ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಈ ನಿಯಂತ್ರಣವನ್ನು ರದ್ದುಪಡಿಸಿತು. ಅಂದಿನಿಂದ ತಮ್ಮ ಆಟದ ಪ್ರಸಾರವನ್ನು ಮಾರಿಕೊಳ್ಳುವ ಸ್ವಾತಂತ್ರ್ಯ ಸಂಸ್ಥೆಗಳಿಗೂ ಕೂಟಗಳಿಗೂ ದೊರೆಯಿತು. ದೊಡ್ಡ ನಗರಗಳೂ ಹೆಸರಾಂತ ತಂಡಗಳೂ ಯಾವ ಕೂಟದಲ್ಲಿವೆಯೋ ಅದಕ್ಕೆ ಹೆಚ್ಚು ಬೆಲೆ; ಹೆಚ್ಚು ಬೆಲೆ ಬಂದ ಕೂಟಕ್ಕೆ ಉಳಿದವರ ಓಟ.

೨೦೨೨ರ ಜೂನ್ ಕೊನೆಯ ದಿನ ಲಾಸ್ ಏಂಜಲೀಸ್ ನಗರದ ಎರಡು ವಿಶ್ವವಿದ್ಯಾಲಯಗಳು ಪೆಸಿಫಿಕ್ ಕೂಟವನ್ನು ಬಿಟ್ಟು, ಶಿಕಾಗೋ ಸುತ್ತಮುತ್ತ ಹುಟ್ಟಿದ ‘ಬಿಗ್ ಟೆನ್’ ಕೂಟವನ್ನು ಸೇರುವುದಾಗಿ ಸಾರಿದವು. ಒಂದೆರಡು ತಿಂಗಳೊಳಗೆ ಆ ಕೂಟ ಏಳು ವರ್ಷಗಳಿಗೆ ಏಳು ನೂರು ಕೋಟಿ ಡಾಲರಿಗೂ ಮಿಕ್ಕಿದ ಪ್ರಸಾರದ ಒಪ್ಪಂದವನ್ನು ಮಾಡಿಕೊಂಡಿತು. ಮುಂದಿನ ವರ್ಷ ಪೆಸಿಫಿಕ್ ಕೂಟಕ್ಕೆ ಅದಕ್ಕೆ ಸಮನಾದ ಒಪ್ಪಂದ ದೊರೆಯಲಿಲ್ಲ. ೨೦೨೩ರ ಬೇಸಗೆಯಲ್ಲಿ ಒಬ್ಬರ ಹಿಂದೊಬ್ಬರು ಎದ್ದರು. ಸ್ಟ್ಯಾನ್‌ಫರ್ಡ್, ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯಗಳಂತೂ ‘ಅಟ್ಲಾಂಟಿಕ್ ಕರಾವಳಿ’ ಎಂಬ ಹೆಸರಿನ ಕೂಟವನ್ನು ಸೇರಿದವು! ಪಡುಗಡಲ ದಂಡೆಯವರು ಮೂಡುಗಡಲ ಹೆಸರನ್ನು ಹೊತ್ತರು. ಹತ್ತರ ಹೆಸರಿನ ಕೂಟದಲ್ಲಿ ಹದಿನೆಂಟು ಜನ ಸದಸ್ಯರಾದರು.

ಕೊನೆಗೆ ಹಳೆಯ ಮನೆಯಲ್ಲಿ ಉಳಿದವು ಎರಡೇ ಸಂಸ್ಥೆಗಳು: ಓರೆಗಾನ್ ಸ್ಟೇಟ್ ಮತ್ತು ವಾಷಿಂಗ್ಟನ್ ಸ್ಟೇಟ್. ಎರಡೂ ಸಣ್ಣ ಊರುಗಳವು. ಮೊದಲನೆಯದು ೧೯೧೫ರ ನಾಲ್ವರು ಸ್ಥಾಪಕರಲ್ಲಿ ಒಂದು. ಅವು ಆಟದಲ್ಲಿ ಸೋತು ಹಿಂದುಳಿದವಲ್ಲ. ನೋಡುವ ಕಣ್ಣುಗಳ ಎಣಿಕೆಯಲ್ಲಿ ಹಗುರವಾದವು. ಅನಂತರ ಅವು ಬೇರೆ ಸಂಸ್ಥೆಗಳನ್ನು ಕೂಡಿಸಿಕೊಂಡು ಹಳೆಯ ಹೆಸರನ್ನು ಉಳಿಸಲು ಹೊರಟದ್ದು ಅವುಗಳ ಛಲಕ್ಕೆ ಸಾಕ್ಷಿ. ಆದರೆ ಒಂದು ನಷ್ಟವನ್ನು ಗಮನಿಸಬೇಕು. ವಾಷಿಂಗ್ಟನ್ ರಾಜ್ಯದ ಎರಡು ವಿಶ್ವವಿದ್ಯಾಲಯಗಳು ೧೯೦೦ರಿಂದ ಪರಸ್ಪರ ಆಡುತ್ತ ಬಂದಿವೆ. ಋತುವಿನ ಕೊನೆಗೆ, ನವೆಂಬರಿನಲ್ಲಿ ನಡೆಯುತ್ತಿದ್ದ ಆ ಪಂದ್ಯ ೨೦೨೪ರಲ್ಲಿ ಸೆಪ್ಟೆಂಬರಿಗೆ ಸರಿಯಿತು. ಕೂಟದ ಲೆಕ್ಕಕ್ಕೆ ಸೇರದ ಪಂದ್ಯವಾಯಿತು. ಜಾತ್ರೆ ನಿಲ್ಲಲಿಲ್ಲ, ನಿಜ; ತಿಥಿ ತಪ್ಪಿತು. ತಿಥಿ ತಪ್ಪಿದ ಜಾತ್ರೆಗೆ ತೇರಿದ್ದರೂ ಕಳೆಯಿರುವುದೆ?

ಇದು ಸಿರಿವಂತರ ದೇಶದ ಕಥೆಯೆಂದು ಪಕ್ಕಕ್ಕಿಡುವಂತಿಲ್ಲ. ನಮ್ಮ ಬಯಲಿನ ಕಬಡ್ಡಿಯನ್ನೇ ನೋಡೋಣ. ೨೦೧೪ರ ಜುಲೈಯಲ್ಲಿ ಎಂಟು ತಂಡಗಳೊಡನೆ ಪ್ರೊ ಕಬಡ್ಡಿ ಲೀಗು ಆರಂಭವಾಯಿತು. ೨೦೧೭ರಲ್ಲಿ ತಂಡಗಳು ಹನ್ನೆರಡಾದವು. ಪ್ರಸಾರ ಮಾಡುವ ಸ್ಟಾರ್ ಸಂಸ್ಥೆಯೇ ೨೦೧೫ರಲ್ಲಿ ಲೀಗಿನ ಒಡೆತನದ ದೊಡ್ಡ ಪಾಲನ್ನು ಕೊಂಡಿತು. ೨೦೨೧ರಲ್ಲಿ ಐದು ಆವೃತ್ತಿಗಳ ಪ್ರಸಾರದ ಹಕ್ಕು ೯೦೮ ಕೋಟಿ ರೂಪಾಯಿಗೂ ಮೇಲಕ್ಕೆ ಹೋಯಿತು; ಪಡೆದದ್ದೂ ಅದೇ ಸಂಸ್ಥೆ. ಬೆಂಗಳೂರು ಬುಲ್ಸ್ ತಂಡ ೨೦೧೭ರಲ್ಲಿ ತನ್ನ ‘ತವರಿನ’ ಪಂದ್ಯಗಳನ್ನು ಆಡಿದ್ದು ನಾಗಪುರದಲ್ಲಿ. ಸಾಂಕ್ರಾಮಿಕದ ದೆಸೆಯಿಂದ ೨೦೨೧–೨೨ರ ಆವೃತ್ತಿಯಿಡೀ ಬೆಂಗಳೂರಿನ ವೈಟ್‌ಫೀಲ್ಡಿನ ಒಂದು ಹೋಟೆಲಿನೊಳಗೆ, ಪ್ರೇಕ್ಷಕರೇ ಇಲ್ಲದೆ ನಡೆಯಿತು. ೨೦೨೪ರಲ್ಲಿ ಹೈದರಾಬಾದು, ನೋಯ್ಡಾ, ಪುಣೆಗಳಲ್ಲಿ ಮಾತ್ರ ಪಂದ್ಯಗಳಾದವು. ಬೆಂಗಳೂರಿನ ತಂಡಕ್ಕೆ ಬೆಂಗಳೂರಿನಲ್ಲಿ ಒಂದು ಆಟವೂ ಇರಲಿಲ್ಲ. ನಮ್ಮ ಕಾರ್ಕಳದ ಕಡೆಯ ಸುಕೇಶ್ ಹೆಗ್ಡೆ ೨೦೧೭ರಲ್ಲಿ ಗುಜರಾತಿನ ನಾಯಕರಾದರು; ೨೦೧೯ರ ಜನವರಿಯಲ್ಲಿ ಬೆಂಗಳೂರಿಗೆ ಪ್ರಶಸ್ತಿ ತಂದುಕೊಟ್ಟವರು ದೆಹಲಿಯ ಪವನ್ ಸೆಹ್ರಾವತ್. ತವರು ಎಂಬ ಮಾತು ಅಂಗಿಯ ಮೇಲಿನ ಅಚ್ಚಾಗಿ ಉಳಿಯಿತು.

ಹಾಗೆಂದು ಹಣವನ್ನು ಹಳಿಯಲು ನಾನು ಸಿದ್ಧನಿಲ್ಲ. ೨೦೧೪ರ ಹರಾಜಿನಲ್ಲಿ ಅತಿ ಹೆಚ್ಚಿನ ಬೆಲೆ ಹನ್ನೆರಡು ಲಕ್ಷ ಎಂಬತ್ತು ಸಾವಿರ ರೂಪಾಯಿ. ೨೦೨೩ರಲ್ಲಿ ಅದು ಎರಡೂವರೆ ಕೋಟಿಯನ್ನು ದಾಟಿತು. ಮಣ್ಣಿನಲ್ಲಿ ಮೊಣಕಾಲು ತರಚಿಕೊಂಡು, ಕೊನೆಗೊಂದು ಇಲಾಖೆಯ ಕೆಲಸ ಸಿಕ್ಕರೆ ಪುಣ್ಯವೆಂದುಕೊಂಡಿದ್ದ ಹುಡುಗನಿಗೆ ಆಟವೇ ಅನ್ನವಾದದ್ದು ಸಣ್ಣ ಮಾತಲ್ಲ. ಅವನು ಊರಿನಲ್ಲೇ ಇದ್ದು ಹಸಿಯಬೇಕಿತ್ತೆಂದು ಹೇಳುವ ಅಧಿಕಾರ ಹೊಟ್ಟೆ ತುಂಬಿದ ನಮಗಿಲ್ಲ.

ಹಣ ಬಂದು ಕೂಟವನ್ನು ಕದಲಿಸುವುದೂ ನಮ್ಮ ಸೀಮೆಗೆ ಹೊಸತಲ್ಲ. ಯಕ್ಷಗಾನದ ಬಯಲಾಟದಲ್ಲಿ ಆಡಿಸುವ ಯಜಮಾನ ವೀಳ್ಯ ಕೊಟ್ಟರೆ ಊರೆಲ್ಲ ಪುಕ್ಕಟೆ ನೋಡುತ್ತಿತ್ತು. ೧೯೫೦ರ ದಶಕದಿಂದೀಚೆಗೆ ಡೇರೆ ಮೇಳಗಳು ಬಲಗೊಂಡವು, ಟಿಕೇಟು ಬಂತು. ಹೆಸರಾಂತ ಕಲಾವಿದ ಈ ವರ್ಷ ಈ ಮೇಳ, ಮುಂದಿನ ವರ್ಷ ಆ ಮೇಳ ಎಂದು ಹೊರಟ. ಆಗಲೂ ಹಿರಿಯರು ಕೊರಗಿದರು. ಆದರೆ ಡೇರೆಯ ಹಣ ಎದುರಿಗೆ ಕುಳಿತ ಪ್ರೇಕ್ಷಕನ ಜೇಬಿನಿಂದ ಬಂದದ್ದು. ಶಿರಸಿಯ ಪ್ರೇಕ್ಷಕನನ್ನು ಮೆಚ್ಚಿಸಬೇಕಾದರೆ ಡೇರೆ ಶಿರಸಿಗೇ ಬರಬೇಕಿತ್ತು. ಪದ್ಯ ತಪ್ಪಿದರೆ ಅಲ್ಲೇ ಕೆಮ್ಮುವವರಿದ್ದರು. ಟೆಲಿವಿಷನ್ನಿನ ಹಣ ಬಹುಪಾಲು ಜಾಹೀರಾತಿನವನದು. ಅವನಿಗೆ ಬೇಕಾದುದು ಕಣ್ಣುಗಳ ಸಂಖ್ಯೆ. ಆ ಕಣ್ಣುಗಳು ಯಾವ ಊರಿನವು, ಪರಸ್ಪರ ಪರಿಚಯವುಳ್ಳವೇ ಎಂಬ ವಿಚಾರ ಅವನಿಗೆ ಬೇಡ. ಡೇರೆ ಊರನ್ನು ಹುಡುಕಿಕೊಂಡು ಬರುತ್ತಿತ್ತು. ತೆರೆಗೆ ಊರಿನ ಹಂಗಿಲ್ಲ. ನನಗೆ ತೋರುವ ಮುಖ್ಯ ಭೇದ ಇದು.

ನಮ್ಮ ಕಾಲೇಜುಗಳ ಬಾಗಿಲಿಗೆ ಇಂಥ ಹಣ ಬಂದಿಲ್ಲ. ಆದರೆ ಅದರ ಅಳತೆಗೋಲು ಆಗಲೇ ಬಂದಿದೆ. ಊರ ಪಂದ್ಯವನ್ನು ‘ಲೀಗು’ ಎಂದು ಕರೆಯುವುದು, ಹೊರಗಿನ ಆಟಗಾರರನ್ನು ಹರಾಜಿನಲ್ಲಿ ಹಿಡಿಯುವುದು, ‘ಇವರಲ್ಲಿ ಯಾರಾದರೂ ಟೀವಿಯಲ್ಲಿ ಬಂದಾರೆಯೆ?’ ಎಂದು ಕೇಳುವುದು, ಇವೆಲ್ಲ ಆ ಅಳತೆಯ ಮಾತುಗಳು. ಸಿದ್ದಾಪುರದ ಹುಡುಗಿಯರು ಯಲ್ಲಾಪುರಕ್ಕೆ ಬಂದು ಆಡಿ, ಸೋತು, ಅಲ್ಲಿಯವರ ಮನೆಯಲ್ಲಿ ಊಟಮಾಡಿ, ರಾತ್ರಿಯ ಬಸ್ಸಿಗೆ ಮರಳಿದರೆ ಅದರ ಬೆಲೆ ಯಾವ ಒಪ್ಪಂದದಲ್ಲೂ ಕಾಣುವುದಿಲ್ಲ. ಹಾಗೆ ಕಾಣದ್ದಕ್ಕೆ ಬೆಲೆಯೇ ಇಲ್ಲವೆಂದುಕೊಂಡ ದಿನ ನಮ್ಮ ಕೂಟವೂ ಒಡೆಯಲು ಆರಂಭವಾದೀತು. ದೊಡ್ಡ ಆಟವನ್ನು ನೋಡೋಣ. ಅಲ್ಲಿಗೆ ಹೋಗಬಲ್ಲವನನ್ನು ಹರಸಿ ಕಳುಹಿಸೋಣ. ಆದರೆ ವರ್ಷಕ್ಕೊಮ್ಮೆ ನೆರೆಯವನನ್ನು ಕರೆದು ಅಂಕಣ ಎಳೆಯುವ ಕೆಲಸವನ್ನು ನಮ್ಮ ಶಾಲೆ-ಕಾಲೇಜುಗಳು ಯಾರ ಹಣಕ್ಕೂ ಕಾಯದೆ ನಡೆಸಿಕೊಂಡು ಬರಲಿ.