ಹಿಮಕ್ಕೆ ಬಣ್ಣ ಕೊಟ್ಟವಳು

ಹಿಮವೆಂದರೆ ಬರೀ ಬಿಳುಪು ಎಂದುಕೊಂಡವರು ಜರ್ಮನಿಯ ಕಲಾವಿದೆ ಗಾಬ್ರಿಯೆಲೆ ಮ್ಯೂಂಟರ್ ರಚಿಸಿದ ‘ಚಳಿಗಾಲದ ಹಳ್ಳಿ ಬೀದಿ’ (1911) ಚಿತ್ರವನ್ನು ನೋಡಬೇಕು. ಮನೆಗಳ ಗೋಡೆಗಳಿಗೆ ಢಾಳಾದ ಬಣ್ಣ, ಅವುಗಳ ಅಂಚಿಗೆ ದಪ್ಪ ಕಪ್ಪು ರೇಖೆ. ಹಿಮದ ಮೇಲೂ ಬಣ್ಣದ ಛಾಯೆ. ನೆರಳು ಬೆಳಕಿನ ನಾಜೂಕು ಇಲ್ಲಿಲ್ಲ. ಆದರೂ ಬವೇರಿಯದ ಚಳಿ ನೋಡುಗನ ಮೈಗೆ ತಾಕುತ್ತದೆ.

1877ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದ ಮ್ಯೂಂಟರ್ ಕಲೆ ಕಲಿಯಲು ಮ್ಯೂನಿಕ್‌ಗೆ ಬಂದಾಗ ಅಲ್ಲಿನ ಕಲಾ ಅಕಾಡೆಮಿಯ ಬಾಗಿಲು ಹೆಣ್ಣುಮಕ್ಕಳಿಗೆ ಮುಚ್ಚಿತ್ತು. ಹೀಗಾಗಿ ಆಕೆ 1902ರಲ್ಲಿ ‘ಫಾಲಾಂಕ್ಸ್’ ಎಂಬ ಖಾಸಗಿ ಶಾಲೆ ಸೇರಿದಳು. ಅಲ್ಲಿ ಗುರುವಾಗಿ ಸಿಕ್ಕವನು ರಷ್ಯದ ವಾಸಿಲಿ ಕಾಂಡಿನ್‌ಸ್ಕಿ. ಮುಂದೆ ಅವನೇ ಬಾಳಸಂಗಾತಿಯೂ ಆದ.

1908ರಲ್ಲಿ ಇಬ್ಬರೂ ಆಲ್ಪ್ಸ್ ತಪ್ಪಲಿನ ಮುರ್ನೌ ಎಂಬ ಊರಿಗೆ ಹೋದರು. ಯಾವ್ಲೆನ್‌ಸ್ಕಿ ಮತ್ತು ವೆರೆಫ್‌ಕಿನ್ ಜತೆಗಿದ್ದರು. ಅಲ್ಲಿಯವರೆಗೆ ಚಾಕುವಿನಿಂದ ಬಣ್ಣ ಮೆತ್ತುತ್ತಿದ್ದ ಮ್ಯೂಂಟರ್ ಕುಂಚ ಹಿಡಿದಳು. ಹಳ್ಳಿಗರು ಗಾಜಿನ ಹಿಂಬದಿಯಲ್ಲಿ ಬರೆಯುತ್ತಿದ್ದ ಚಿತ್ರಗಳ ಗಟ್ಟಿ ರೇಖೆ, ಅಪ್ಪಟ ಬಣ್ಣ ಆಕೆಯನ್ನು ಸೆಳೆದವು. ಕಂಡದ್ದನ್ನೆಲ್ಲ ನಕಲು ಮಾಡದೆ ಅದರ ಸಾರವನ್ನಷ್ಟೇ ಉಳಿಸಿಕೊಳ್ಳುವುದನ್ನು ಆಕೆ ಕಲಿತದ್ದು ಇಲ್ಲಿ. ಮರುವರ್ಷ ಆಕೆ ಅಲ್ಲೇ ಮನೆ ಕೊಂಡಳು. ಊರವರು ಅದನ್ನು ‘ರಷ್ಯನ್ನರ ಮನೆ’ ಎಂದು ಕರೆದರು! 1911ರ ಡಿಸೆಂಬರಿನಲ್ಲಿ ಮ್ಯೂನಿಕ್‌ನಲ್ಲಿ ನಡೆದ ‘ನೀಲಿ ಸವಾರ’ ಬಳಗದ ಮೊದಲ ಪ್ರದರ್ಶನದಲ್ಲಿ ಆಕೆಯ ಚಿತ್ರಗಳೂ ಇದ್ದವು.

1914ರ ಮಹಾಯುದ್ಧ ಎಲ್ಲವನ್ನೂ ಕದಡಿತು. ಶತ್ರುದೇಶದವನಾದ ಕಾಂಡಿನ್‌ಸ್ಕಿ ಜರ್ಮನಿ ಬಿಡಬೇಕಾಯಿತು. ಅವನಿಗಾಗಿ ಸ್ಟಾಕ್‌ಹೋಮ್‌ನಲ್ಲಿ ಕಾದಿದ್ದ ಮ್ಯೂಂಟರ್ ಕೊನೆಯ ಬಾರಿ ಅವನನ್ನು ಕಂಡದ್ದು 1916ರಲ್ಲಿ. ಮರುವರ್ಷ ಆತ ರಷ್ಯದಲ್ಲಿ ಬೇರೊಬ್ಬಳನ್ನು ಮದುವೆಯಾದ. ಈ ಪೆಟ್ಟಿನ ನಂತರ ಹಲವು ವರ್ಷ ಆಕೆ ಚಿತ್ರ ಬರೆದದ್ದೇ ಕಡಿಮೆ. 1931ರಲ್ಲಿ ಮುರ್ನೌಗೆ ಮರಳಿ ನೆಲೆಸಿದಳು.

1937ರಲ್ಲಿ ನಾಜಿಗಳು ಆಧುನಿಕ ಕಲೆಯನ್ನು ‘ಅಧಃಪತನದ ಕಲೆ’ ಎಂದು ಹೀಗಳೆದು ಮ್ಯೂನಿಕ್‌ನಲ್ಲಿ ಪ್ರದರ್ಶನ ಏರ್ಪಡಿಸಿದರು. ಕಾಂಡಿನ್‌ಸ್ಕಿಯ ಚಿತ್ರಗಳೂ ಅಲ್ಲಿ ಅವಮಾನಕ್ಕೆ ಗುರಿಯಾದವು. ಆದರೆ ಆತ ಬಿಟ್ಟುಹೋಗಿದ್ದ ರಾಶಿ ಕೃತಿಗಳು ಮ್ಯೂಂಟರ್ ಮನೆಯ ನೆಲಮಾಳಿಗೆಯಲ್ಲಿ ಭದ್ರವಾಗಿದ್ದವು. ತನ್ನನ್ನು ತೊರೆದವನ ಕಲೆಯನ್ನು ಆಕೆ ತೊರೆಯಲಿಲ್ಲ. 1957ರಲ್ಲಿ, ತನ್ನ 80ನೇ ಹುಟ್ಟುಹಬ್ಬದ ಸಂದರ್ಭದಲ್ಲಿ, ಸಾವಿರಕ್ಕೂ ಹೆಚ್ಚು ಕೃತಿಗಳನ್ನು ಮ್ಯೂನಿಕ್‌ನ ಲೆನ್‌ಬಾಖ್‌ಹೌಸ್ ಸಂಗ್ರಹಾಲಯಕ್ಕೆ ದಾನವಾಗಿ ಕೊಟ್ಟಳು.

1962ರಲ್ಲಿ ಆಕೆ ಮುರ್ನೌನಲ್ಲೇ ತೀರಿಕೊಂಡಳು. ‘ಕಾಂಡಿನ್‌ಸ್ಕಿಯ ಗೆಳತಿ’, ‘ಅವನ ಚಿತ್ರಗಳನ್ನು ಕಾಪಾಡಿದವಳು’ ಎಂಬ ಗುರುತು ಬಹುಕಾಲ ಆಕೆಯ ಕುಂಚವನ್ನು ಮರೆಮಾಡಿತ್ತು. ಆ ದಾನದ ಚಿತ್ರಗಳ ಜತೆ ‘ಚಳಿಗಾಲದ ಹಳ್ಳಿ ಬೀದಿ’ಯೂ ಈಗ ಲೆನ್‌ಬಾಖ್‌ಹೌಸ್ ಸಂಗ್ರಹದಲ್ಲಿದೆ. ಆಕೆ ಯಾರೆಂದು ಹೇಳಲು ಆ ಬೀದಿಗೆ ಇನ್ನೊಬ್ಬರ ಹೆಸರಿನ ಹಂಗಿಲ್ಲ.