ಮೇಜರ್ ಮೇಷ್ಟ್ರು ಕಳೆದು ತೋರಿಸಿದ ಲೆಕ್ಕ

ನ್ಯೂಜೆರ್ಸಿಯ ಬೆಲ್ಮಾರ್ ಕಡಲತೀರದಿಂದ ತುಸು ಒಳಗೆ, ವಾಲ್ ಟೌನ್‌ಶಿಪ್‌ನಲ್ಲಿ, ಅಮೆರಿಕ ಸೇನೆಯ ಹಳೆಯ ಪ್ರಯೋಗಾಲಯ ಕ್ಯಾಂಪ್ ಎವನ್ಸ್ ಇದೆ. ಈಗ ಅದು ಇನ್ಫೋಏಜ್ ವಸ್ತುಸಂಗ್ರಹಾಲಯ. ಬಂದವರೆಲ್ಲ ಮೊದಲು ನೋಡುವುದು 60 ಅಡಿಯ ಆಂಟೆನಾ ತಟ್ಟೆಯನ್ನು. 1960ರಲ್ಲಿ ಮೊದಲ ಹವಾಮಾನ ಉಪಗ್ರಹ ಟೈರೋಸ್ ಕಳಿಸಿದ ಚಿತ್ರಗಳನ್ನು ಹಿಡಿದದ್ದು ಅದೇ. ನಾನೂ ಅದಕ್ಕೆಂದೇ ಹೋದವನು. ಆದರೆ ಅಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೂ ಹಳೆಯ ಸಂಗತಿ.

ಸೇನೆ ಬರುವ ಮುಂಚೆ ಇಲ್ಲಿ ಮಾರ್ಕೋನಿ ಕಂಪನಿಯ ನಿಸ್ತಂತು ಕೇಂದ್ರವಿತ್ತು. 1914ರ ಜನವರಿ ಕೊನೆಯ ಕೊರೆಯುವ ಚಳಿಯಲ್ಲಿ ಇಬ್ಬರು ಯುವಕರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ರಾತ್ರಿಯಿಡೀ ಕೂತರು. ಒಬ್ಬರು ಡೇವಿಡ್ ಸಾರ್ನಾಫ್, ಮುಂದೆ ಆರ್‌ಸಿಎ ಕಂಪನಿಯನ್ನು ಆಳಿದವರು. ಇನ್ನೊಬ್ಬರು ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಪ್ರಯೋಗಾಲಯ ಸಹಾಯಕರಾಗಿದ್ದ, ಮುಂದೆ ಅಲ್ಲೇ ಮೇಷ್ಟ್ರಾದ, 23 ವರ್ಷದ ಎಡ್ವಿನ್ ಹೊವಾರ್ಡ್ ಆರ್ಮ್‌ಸ್ಟ್ರಾಂಗ್. ಅವರು ಹೊತ್ತು ತಂದಿದ್ದ ರಿಸೀವರ್ ಪೆಟ್ಟಿಗೆಯಲ್ಲಿ ಐರ್ಲೆಂಡಿನ ಕ್ಲಿಫ್ಡನ್ ಕೇಂದ್ರದ ಮೋರ್ಸ್ ಸದ್ದು ನಿಚ್ಚಳವಾಗಿ ಕೇಳಿತು. ಹೊನೊಲುಲುವಿನದೂ ಕೇಳಿತು. ಆ ನೆಲದ ಮೇಲೆ ನಿಂತು ಇದನ್ನು ಓದಿದಾಗ ಮೈ ಜುಮ್ಮೆಂದಿತು. ಅಂದಿನಿಂದ ಈ ಮೇಷ್ಟ್ರ ಬೆನ್ನು ಹತ್ತಿದ್ದೇನೆ.

ಎಫ್‌ಎಂ ಕಂಡುಹಿಡಿದವರು ಎಂದು ಆರ್ಮ್‌ಸ್ಟ್ರಾಂಗ್ ಹೆಸರು ಎಲ್ಲರಿಗೂ ಗೊತ್ತು. ಅವರು ಸೈನ್ಯದ ಸಿಗ್ನಲ್ ಕೋರ್‌ನ ಅಧಿಕಾರಿಯಾಗಿದ್ದರು ಎಂಬುದು ಮಾತ್ರ ಅಡಿಟಿಪ್ಪಣಿಗೆ ಸರಿದುಬಿಟ್ಟಿದೆ. ನನ್ನ ಮಟ್ಟಿಗೆ ಅವರ ಬದುಕಿನ ಗಟ್ಟಿ ಕಾಳು ಅಲ್ಲೇ ಇದೆ. 1917ರಲ್ಲಿ ಅಮೆರಿಕ ಯುದ್ಧಕ್ಕಿಳಿದಾಗ, ಗುರು ಮೈಕಲ್ ಪುಪಿನ್ ಅವರ ಪ್ರಯೋಗಾಲಯ ಬಿಟ್ಟು ಕ್ಯಾಪ್ಟನ್ ಆಗಿ ಪ್ಯಾರಿಸ್‌ಗೆ ಹೋದರು. ಮೇಜರ್ ಆಗಿ ಮರಳಿದರು. ಸಾಯುವತನಕ ಜನ ಅವರನ್ನು ಕರೆದದ್ದು ‘ಮೇಜರ್’ ಎಂದೇ.

ಸೈನ್ಯ ಅವರ ಮುಂದಿಟ್ಟ ತೊಡಕು ಇದು. ಶತ್ರುವಿನ ಕ್ಷೀಣ ಸಂಕೇತಗಳು ಬಹಳ ಎತ್ತರದ ಕಂಪನಾಂಕದಲ್ಲಿ ಬರುತ್ತವೆ. ಅಂದಿನ ವಾಲ್ವ್‌ಗಳಿಗೆ ಅಷ್ಟು ವೇಗದ ಕಂಪನವನ್ನು ದೊಡ್ಡದು ಮಾಡುವ ಶಕ್ತಿಯಿಲ್ಲ. 1918ರಲ್ಲಿ ಪ್ಯಾರಿಸ್ ಮೇಲೆ ಜರ್ಮನ್ ವಿಮಾನಗಳು ಬಾಂಬು ಹಾಕುತ್ತಿದ್ದಾಗ ಮೇಷ್ಟ್ರ ತಲೆಯಲ್ಲಿ ಇನ್ನೊಂದು ಪ್ರಶ್ನೆ ಎದ್ದಿತು: ವಿಮಾನದ ಎಂಜಿನ್ನಿನ ಕಿಡಿಯೂ ಅಂಥದೇ ತರಂಗ ಹೊಮ್ಮಿಸುತ್ತದಲ್ಲ, ಅದನ್ನೇ ಕೇಳಿಸಿಕೊಂಡು ವಿಮಾನ ಎಲ್ಲಿದೆ ಎಂದು ಹೇಳಬಾರದೇಕೆ?

ಅವರು ಕಂಡ ದಾರಿ ಒಂದು ಕಳೆಯುವ ಲೆಕ್ಕ. ಬೆಂಗಳೂರು ಆಕಾಶವಾಣಿಯ 612 ಕಿಲೊಹರ್ಟ್ಸ್ ತೆಗೆದುಕೊಳ್ಳಿ. ನೀವು ಗುಂಡಿ ತಿರುಗಿಸಿ ಮುಳ್ಳನ್ನು ಅಲ್ಲಿಗೆ ತಂದಾಗ ರೇಡಿಯೊ ತನ್ನೊಳಗೇ 1067ರ ಇನ್ನೊಂದು ಕಂಪನ ಹುಟ್ಟಿಸುತ್ತದೆ. ಎರಡೂ ಬೆರೆತಾಗ ಅವುಗಳ ವ್ಯತ್ಯಾಸ, 455, ಹೊರಬೀಳುತ್ತದೆ. ಧಾರವಾಡದ 765ಕ್ಕೆ ತಿರುಗಿಸಿದರೆ ಒಳಗಿನದು 1220 ಆಗುತ್ತದೆ; ಕಳೆದರೆ ಮತ್ತೆ 455. ಯಾವ ಊರಿನ ಕೇಂದ್ರವಾದರೂ ಕೊನೆಗೆ ಬಂದು ನಿಲ್ಲುವುದು ಒಂದೇ ಸಂಖ್ಯೆಗೆ. ಹಾಗಾಗಿ ಆ ಒಂದೇ ಕಂಪನವನ್ನು ಚೆನ್ನಾಗಿ ಹಿಗ್ಗಿಸುವ, ಅಕ್ಕಪಕ್ಕದ್ದನ್ನು ಸೋಸುವ ಏರ್ಪಾಡು ಮಾಡಿಕೊಂಡರೆ ಸಾಕು. ಹಳೆಯ ಮರ್ಫಿ, ಬುಷ್ ಸೆಟ್ಟುಗಳ ಹಿಂಬದಿ ತೆಗೆದು ರಿಪೇರಿಯವರು ಸಣ್ಣ ಸ್ಕ್ರೂಡ್ರೈವರಿನಿಂದ ಹದಮಾಡುತ್ತಿದ್ದ ಚೌಕ ಲೋಹದ ಡಬ್ಬಿಗಳಿವೆಯಲ್ಲ, ಅವು ಈ ವ್ಯತ್ಯಾಸದ ಕಂಪನಕ್ಕೇ ಮೀಸಲು. ಇದೇ ಸೂಪರ್‌ಹೆಟೆರೊಡೈನ್. ರೇಡಿಯೊ, ಟಿವಿ, ರಾಡಾರ್ ಎಲ್ಲವೂ ದಶಕಗಳ ಕಾಲ ಈ ಲೆಕ್ಕದ ಮೇಲೆಯೇ ನಡೆದವು. ಫ್ರಾನ್ಸಿನ ಲೂಸಿಯನ್ ಲೆವಿ, ಜರ್ಮನಿಯ ವಾಲ್ಟರ್ ಶಾಟ್ಕಿ ಇಬ್ಬರಿಗೂ ಇದೇ ಯೋಚನೆ ಬಂದಿತ್ತು. ಲೆವಿ 1917ರಲ್ಲೇ ಪೇಟೆಂಟಿಗೆ ಅರ್ಜಿ ಹಾಕಿದ್ದರು. ಹಾಗಾಗಿ ‘ಒಬ್ಬರೇ ಕಂಡುಹಿಡಿದರು’ ಎಂಬ ಅಮೆರಿಕನ್ ಬರಹಗಳನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಯೋಚನೆಯನ್ನು ಕೆಲಸ ಮಾಡುವ ಸೆಟ್ಟಾಗಿ ಮೇಜಿನ ಮೇಲೆ ಇಟ್ಟು ತೋರಿಸಿದವರು ಆರ್ಮ್‌ಸ್ಟ್ರಾಂಗ್ ಎಂಬುದನ್ನು ಮನಸಾರೆ ಒಪ್ಪುತ್ತೇನೆ. ಅದು ಬಳಕೆಗೆ ಬರುವ ಹೊತ್ತಿಗೆ ಯುದ್ಧ ಮುಗಿದಿತ್ತು. ಫ್ರಾನ್ಸ್ ಅವರಿಗೆ ಲೀಜನ್ ಆಫ್ ಆನರ್ ಕೊಟ್ಟಿತು.

ಮುಂದಿನದು ಎಫ್‌ಎಂ. 1933ರಲ್ಲಿ ಪೇಟೆಂಟ್, 1935ರ ನವೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಎಂಜಿನಿಯರುಗಳ ಮುಂದೆ ಪ್ರದರ್ಶನ. ಲೋಟಕ್ಕೆ ನೀರು ಸುರಿದ ಸದ್ದು, ಕಾಗದ ಮುದುರಿದ ಸದ್ದು ಗರಗರವಿಲ್ಲದೆ ಕೇಳಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮೈಸೂರಿನಲ್ಲಿ ಇನ್ನೊಬ್ಬ ಮೇಷ್ಟ್ರು, ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ, ತಮ್ಮ ಮನೆಯಿಂದಲೇ ಆಕಾಶವಾಣಿ ಆರಂಭಿಸಿದ್ದರು. ರೇಡಿಯೊವನ್ನು ಸಾಕಿದವರಲ್ಲಿ ಮೇಷ್ಟ್ರುಗಳ ಪಾಲು ದೊಡ್ಡದು. ಎರಡೂ ಊರುಗಳು ಅದನ್ನು ಇನ್ನಷ್ಟು ಎದೆಯುಬ್ಬಿಸಿ ಹೇಳಿಕೊಳ್ಳಬೇಕು.

ಎರಡನೇ ಮಹಾಯುದ್ಧ ಬಂದಾಗ ಮೇಜರ್ ತಮ್ಮ ಎಫ್‌ಎಂ ಪೇಟೆಂಟುಗಳನ್ನು ಸೇನೆಗೆ ರಾಯಧನವಿಲ್ಲದೆ ಬಿಟ್ಟುಕೊಟ್ಟರು. ಟ್ಯಾಂಕಿನ ಎಂಜಿನ್ ಕಿಡಿಯಿಂದ ಎಎಂ ರೇಡಿಯೊದಲ್ಲಿ ಗದ್ದಲವೇ ತುಂಬಿಕೊಳ್ಳುತ್ತದೆ, ಎಫ್‌ಎಂನಲ್ಲಿ ಮಾತು ಕೇಳುತ್ತದೆ. ಜರ್ಮನ್ ಟ್ಯಾಂಕುಗಳು ಎಎಂನಲ್ಲೇ ಉಳಿದಾಗ ಅಮೆರಿಕನ್ ಟ್ಯಾಂಕುಗಳೊಳಗೆ ಎಫ್‌ಎಂ ಸೆಟ್ಟುಗಳಿದ್ದವು. 1946ರ ಜನವರಿ 10ರಂದು ಇದೇ ಕ್ಯಾಂಪ್ ಎವನ್ಸ್‌ನಿಂದ ಸಿಗ್ನಲ್ ಕೋರ್ ಚಂದ್ರನಿಗೆ ರಾಡಾರ್ ಕಂಪನ ಕಳಿಸಿತು. ಎರಡೂವರೆ ಸೆಕೆಂಡಿನಲ್ಲಿ ಪ್ರತಿಧ್ವನಿ ಬಂತು. ಆ ಉಪಕರಣದ ಹಿಂದೆಯೂ ಆರ್ಮ್‌ಸ್ಟ್ರಾಂಗ್ ಕೆಲಸವಿತ್ತು.

ದೇಶ ಅವರನ್ನು ನಡೆಸಿಕೊಂಡ ರೀತಿ ನೆನೆದರೆ ಸಂಕಟವಾಗುತ್ತದೆ. 1945ರಲ್ಲಿ ಸರಕಾರ ಎಫ್‌ಎಂ ಪಟ್ಟಿಯನ್ನೇ 88ರಿಂದ 108 ಮೆಗಾಹರ್ಟ್ಸ್‌ಗೆ ಸರಿಸಿತು. ಜನರ ಮನೆಗಳಲ್ಲಿದ್ದ ಎಫ್‌ಎಂ ಸೆಟ್ಟುಗಳು ಮೂಲೆ ಸೇರಿದವು. ನ್ಯೂಜೆರ್ಸಿಯ ಆಲ್ಪೈನ್‌ನಲ್ಲಿ ಸ್ವಂತ ಹಣದಿಂದ ಅವರು ಕಟ್ಟಿಸಿದ 425 ಅಡಿಯ ಗೋಪುರ ಹೊಸ ಪಟ್ಟಿಗೆ ಹೊಂದಿಕೊಳ್ಳಬೇಕಾಯಿತು. ಅದು ಇಂದಿಗೂ ನಿಂತಿದೆ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ನ್ಯೂಯಾರ್ಕಿನ ಹಲವು ಟಿವಿ ಕೇಂದ್ರಗಳು ಆಸರೆ ಪಡೆದದ್ದು ಅದರಲ್ಲೇ. 1948ರಲ್ಲಿ ಅವರು ಆರ್‌ಸಿಎ ಮೇಲೆ, ಎಂದರೆ ಬೆಲ್ಮಾರ್‌ನ ಆ ರಾತ್ರಿಯ ಗೆಳೆಯನ ಕಂಪನಿಯ ಮೇಲೆ, ಎಫ್‌ಎಂ ಪೇಟೆಂಟಿಗಾಗಿ ಮೊಕದ್ದಮೆ ಹೂಡಿದರು. ಹಣ ಕರಗಿತು, ಮನೆ ಒಡೆಯಿತು. 1954ರ ಜನವರಿ ಕೊನೆಯ ರಾತ್ರಿ ನ್ಯೂಯಾರ್ಕಿನ ತಮ್ಮ ಮನೆಯಲ್ಲಿ ಆತ್ಮಹತ್ಯೆ ಮಾಡಿಕೊಂಡರು.

ಮೊಕದ್ದಮೆಗಳನ್ನು ಕೈಗೆತ್ತಿಕೊಂಡವರು ಪತ್ನಿ ಮೇರಿಯನ್, ಒಂದು ಕಾಲದಲ್ಲಿ ಸಾರ್ನಾಫರ ಕಾರ್ಯದರ್ಶಿಯಾಗಿದ್ದವರು. ಆರ್‌ಸಿಎ 1954ರಲ್ಲೇ ರಾಜಿಗೆ ಬಂತು. ಉಳಿದ ಕಂಪನಿಗಳ ಮೇಲಿನ ದಾವೆಗಳನ್ನು ಅವರು ಒಂದೊಂದಾಗಿ ಮುಗಿಸಿದರು. ಕೊನೆಯದು ಮೊಟೊರೊಲಾ ವಿರುದ್ಧ, 1967ರಲ್ಲಿ ಗೆದ್ದದ್ದು. ಯುದ್ಧಕಾಲದಲ್ಲಿ ಸೈನಿಕರ ಬೆನ್ನಿಗೇರಿದ ಎಫ್‌ಎಂ ವಾಕಿಟಾಕಿ ತಯಾರಿಸಿದ್ದ ಕಂಪನಿ ಅದೇ.